ಕ್ರೋಮ್ ಕೆಡುವುದು ಮಳೆಗಲ್ಲ, ರಾಡಿಗೆ

ಬೀದರ್ ಜಿಲ್ಲೆಯ ಕಮಲನಗರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ 400 ಕಿಲೋಮೀಟರಿಗಿಂತ ದೂರ. ಕಡಲಿನ ಉಪ್ಪುಗಾಳಿ ಈ ಗಡಿ ತಾಲ್ಲೂಕನ್ನು ಮುಟ್ಟುವುದಿಲ್ಲ. ಮಳೆಗಾಲ ಬಿಟ್ಟರೆ ವರ್ಷದ ಹೆಚ್ಚಿನ ದಿನ ಒಣಹವೆ. ಈ ಲೆಕ್ಕದಲ್ಲಿ ಮಂಗಳೂರು, ಕಾರವಾರದ ಗಾಡಿಗಳಿಗಿಂತ ಇಲ್ಲಿನ ಗಾಡಿಗಳ ಕ್ರೋಮ್ ರಿಮ್ಮು ಹೆಚ್ಚು ವರ್ಷ ಬಾಳಬೇಕು. ಆದರೆ ಭಾಲ್ಕಿಯಲ್ಲೋ ಔರಾದಿನಲ್ಲೋ ಸಂತೆಯ ದಿನ ಸಾಲಾಗಿ ನಿಲ್ಲಿಸಿದ ಬುಲೆಟ್‌ಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಚಕ್ರ ನೋಡಿ. ಟ್ಯಾಂಕು ಫಳಫಳ ಹೊಳೆಯುತ್ತಿರುತ್ತದೆ. ಕೆಳಗೆ ರಿಮ್ಮಿಗೆ ಕಡ್ಡಿಗಳು ಸೇರುವಲ್ಲಿ ಕಂದು ಉಂಗುರ ಬಿದ್ದಿರುತ್ತದೆ, ಗಾಳಿ ತುಂಬುವ ವಾಲ್ವಿನ ಸುತ್ತ ಸಣ್ಣ ಗುಳ್ಳೆ ಎದ್ದಿರುತ್ತದೆ, ಟಯರಿಗೆ ತಾಗುವ ಅಂಚಿನಲ್ಲಿ ಪದರ ಸಿಪ್ಪೆಯಾಗಿ ಬಿಟ್ಟಿರುತ್ತದೆ. ಎರಡೇ ಮಳೆಗಾಲ ಕಂಡ ಗಾಡಿಯಲ್ಲೂ ಇದು ಕಾಣುವುದುಂಟು.

ಮಾಲೀಕರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಎರಡು. ಕಂಪನಿಯವರು ಈಗ ಕ್ರೋಮನ್ನು ತೆಳುವಾಗಿ ಹಾಕುತ್ತಾರೆ ಎನ್ನುವುದು ಒಂದು. ಮಳೆಯಲ್ಲಿ ನೆನೆದು ಕೆಟ್ಟಿತು ಎನ್ನುವುದು ಇನ್ನೊಂದು. ಪದರ ತೆಳುವೋ ದಪ್ಪವೋ ಎಂಬುದು ಬರಿಗಣ್ಣಿಗೆ ತಿಳಿಯುವ ಸಂಗತಿಯೇ ಅಲ್ಲ. ಮಳೆಯ ಮೇಲೆ ಹೊರಿಸುವ ಅಪವಾದವಂತೂ ಸುಳ್ಳು. ಬಿದ್ದು ಹರಿದುಹೋಗುವ ಮಳೆನೀರಿನಿಂದ ಒಳ್ಳೆಯ ಕ್ರೋಮಿಗೆ ಏನೂ ಆಗುವುದಿಲ್ಲ. ಮಳೆಯ ಜೊತೆ ರಿಮ್ಮಿಗೆ ಹತ್ತಿ, ವಾರಗಟ್ಟಲೆ ಅಲ್ಲೇ ಉಳಿಯುವ ರಾಡಿಯೇ ಅದನ್ನು ತಿನ್ನುವುದು. ಆ ರಾಡಿಯನ್ನು ತೆಗೆಯಲು ನಾವು ಬಳಸುವ ಔಷಧಗಳು ಉಳಿದದ್ದನ್ನು ತಿಂದು ಮುಗಿಸುತ್ತವೆ.

ಇದು ಅರ್ಥವಾಗಬೇಕಾದರೆ ಆ ಹೊಳಪು ಯಾವುದರಿಂದ ಆಗಿದೆ ಎಂದು ತಿಳಿಯಬೇಕು. ಕ್ರೋಮ್ ರಿಮ್ ಎನ್ನುತ್ತೇವಾದರೂ ಅದರಲ್ಲಿ ಕ್ರೋಮಿಯಂ ಇರುವುದು ಅತ್ಯಲ್ಪ. ಉಕ್ಕಿನ ರಿಮ್ಮನ್ನು ಉಜ್ಜಿ ಕನ್ನಡಿಯಷ್ಟು ನುಣುಪು ಮಾಡಿ, ನಿಕ್ಕಲ್ ದ್ರಾವಣದ ತೊಟ್ಟಿಯಲ್ಲಿ ಇಳಿಸಿ ಕರೆಂಟು ಹಾಯಿಸುತ್ತಾರೆ. ಕೆಲವು ಕಡೆ ಅದಕ್ಕೂ ಮೊದಲು ತಾಮ್ರದ ಪದರ ಕೊಡುತ್ತಾರೆ. ನಿಕ್ಕಲ್ ಪದರದ ದಪ್ಪ ಕೆಲಸಕ್ಕೆ ತಕ್ಕಂತೆ 10ರಿಂದ 40 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಿಕ್ಕಲ್ ಕೂತ ಮೇಲೆ ಕೊನೆಯ ತೊಟ್ಟಿಯಲ್ಲಿ ಕೆಲವೇ ನಿಮಿಷ ಮುಳುಗಿಸಿ ತೆಗೆದಾಗ ಮೇಲೆ ಕೂರುವುದು ಕ್ರೋಮಿಯಂ. ಅದರ ದಪ್ಪ ಹೆಚ್ಚಾಗಿ ಅರ್ಧ ಮೈಕ್ರಾನಿಗೂ ಕಡಿಮೆ, ಅಂದರೆ ಕೂದಲೆಳೆಯ ನೂರನೇ ಒಂದು ಭಾಗಕ್ಕೂ ಕಡಿಮೆ.

ಇಷ್ಟು ತೆಳುವಾದ ಪದರಕ್ಕೆ ಇಷ್ಟು ಹೆಸರು ಬರಲು ಕಾರಣವಿದೆ. ನಿಕ್ಕಲ್ ಒಂದೇ ಇದ್ದರೆ ಬಣ್ಣ ಕೊಂಚ ಹಳದಿ, ಕೆಲವು ತಿಂಗಳಲ್ಲಿ ಮಂಕು. ಕ್ರೋಮಿಯಂ ಗಟ್ಟಿ, ನೀಲಿ ಛಾಯೆಯ ಬಿಳುಪು, ಬೇಗ ಗೀಚು ಬೀಳುವುದಿಲ್ಲ. ಫ್ರಾನ್ಸಿನ ವಾಕ್ಲಾಂ ಸೈಬೀರಿಯದ ಕೆಂಪು ಸೀಸದ ಅದಿರಿನಲ್ಲಿ ಈ ಧಾತುವನ್ನು ಗುರುತಿಸಿದ್ದು 1797ರಲ್ಲಿ. ಲೇಪನವಾಗಿ ಅದು ಮಾರುಕಟ್ಟೆಗೆ ಬಂದದ್ದು 1920ರ ದಶಕದಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾಲಿನ್ ಫಿಂಕ್ ತೊಟ್ಟಿಯ ದ್ರಾವಣದ ಲೆಕ್ಕವನ್ನು ಹದಕ್ಕೆ ತಂದ ಮೇಲೆ. ಇದರ ಅದಿರು ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ಇದೆ; ದೇಶದ ದೊಡ್ಡ ನಿಕ್ಷೇಪ ಇರುವುದು ಒಡಿಶಾದ ಸುಕಿಂದಾ ಕಣಿವೆಯಲ್ಲಿ.

ಕ್ರೋಮಿಯಂ ಗಾಳಿಗೆ ಒಡ್ಡಿಕೊಂಡ ಕೂಡಲೇ ತನ್ನ ಮೈಮೇಲೆ ತಾನೇ ಒಂದು ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಆ ಪೊರೆಗೆ ಗೀಚು ಬಿದ್ದರೂ ಗಾಳಿಯ ಆಮ್ಲಜನಕ ಸಿಕ್ಕರೆ ಮತ್ತೆ ಕೂಡಿಕೊಳ್ಳುತ್ತದೆ. ಕ್ರೋಮಿನ ಬಾಳಿಕೆಯ ಗುಟ್ಟು ಇದೇ. ಆದರೆ ಇದಕ್ಕೆ ಎರಡು ಶತ್ರುಗಳು. ಗಾಳಿ ತಾಗದಂತೆ ಮುಚ್ಚುವ ಯಾವುದೇ ಒದ್ದೆ ವಸ್ತು ಮೊದಲನೆಯದು. ಎರಡನೆಯದು ಕ್ಲೋರೈಡ್, ಅಂದರೆ ಉಪ್ಪಿನ ಜಾತಿಯ ಪದಾರ್ಥಗಳು. ಇವೆರಡೂ ಒಂದೇ ಜಾಗದಲ್ಲಿ ಸೇರಿದರೆ ಪೊರೆ ಹರಿಯುತ್ತದೆ, ಮತ್ತೆ ಕೂಡುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಕ್ರೋಮಿಯಂ ಪದರದಲ್ಲಿ ಹುಟ್ಟಿನಿಂದಲೇ ಕೂದಲೆಳೆಗಿಂತ ಸಣ್ಣ ಬಿರುಕುಗಳಿರುತ್ತವೆ. ತುಕ್ಕಿನಿಂದ ಉಕ್ಕನ್ನು ನಿಜವಾಗಿ ಕಾಯುವುದು ಕೆಳಗಿನ ನಿಕ್ಕಲ್. ನಿಕ್ಕಲ್‌ನಲ್ಲಿ ಎಲ್ಲಾದರೂ ಒಂದು ಸೂಜಿಮೊನೆಯಷ್ಟು ತೂತು ಬಿದ್ದು ನೀರು ಉಕ್ಕಿನ ತನಕ ಇಳಿದರೆ ಅಲ್ಲಿ ಕಬ್ಬಿಣವೇ ಕರಗುತ್ತದೆ, ನಿಕ್ಕಲ್ ಹಾಗೇ ಉಳಿಯುತ್ತದೆ. ಬರೀ ಕಬ್ಬಿಣ ಮೈತುಂಬ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ನಿಕ್ಕಲ್ ಹೊದಿಸಿದ ಕಬ್ಬಿಣ ತೂತು ಬಿದ್ದ ಕಡೆ ಮಾತ್ರ ಆಳಕ್ಕೆ ತಿನ್ನಿಸಿಕೊಳ್ಳುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಮೊದಲಿನ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ಒಳಗೆ ಉಬ್ಬಿದ ತುಕ್ಕು ಮೇಲಿನ ಪದರವನ್ನು ಎತ್ತಿ ಗುಳ್ಳೆ ಮಾಡುತ್ತದೆ. ಗುಳ್ಳೆ ಕಂಡ ದಿನ ತುಕ್ಕು ಶುರುವಾಯಿತು ಎಂದು ತಿಳಿಯಬೇಡಿ, ಅದು ತಿಂಗಳುಗಳ ಹಿಂದೆಯೇ ಶುರುವಾಗಿರುತ್ತದೆ.

ಈಗ ನಮ್ಮ ಮಣ್ಣಿಗೆ ಬರೋಣ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಅಲ್ಲಿನ ಕೆಂಪು ಮಣ್ಣು ಒಣಗಿದರೆ ತಾನೇ ಉದುರುತ್ತದೆ. ಭಾಲ್ಕಿ, ಔರಾದ್, ಕಮಲನಗರದ ಕಡೆ ಬಂದರೆ ಎರೆಭೂಮಿ. ಸೋಯಾ, ತೊಗರಿ, ಉದ್ದು, ಹೆಸರು ಬೆಳೆಯುವ ಈ ಕರಿ ಎರೆ ನೀರು ಕುಡಿದು ಉಬ್ಬುತ್ತದೆ, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ತೊಗರಿಯನ್ನು ಚಳಿಗಾಲದ ತನಕ ಬದುಕಿಸುವ ಗುಣವೇ ಇದು. ರಿಮ್ಮಿನ ಪಾಲಿಗೆ ಅದೇ ಗುಣ ಕೇಡು. ಜುಲೈ ತಿಂಗಳಲ್ಲಿ ಹೊಲದ ದಾರಿಗೆ ಒಮ್ಮೆ ಹೋಗಿ ಬಂದ ಗಾಡಿಯ ಮಡ್‌ಗಾರ್ಡಿನೊಳಗೆ, ಕಡ್ಡಿಯ ಬುಡದಲ್ಲಿ, ಹಬ್ಬಿನ ಸುತ್ತ ಎರೆ ಮೆತ್ತಿಕೊಳ್ಳುತ್ತದೆ. ಮೇಲೆ ಬಿಸಿಲಿಗೆ ಒಣಗಿ ಬೂದು ಬಣ್ಣಕ್ಕೆ ತಿರುಗಿದರೂ ಉಗುರಿನಿಂದ ಕೆದರಿ ನೋಡಿದರೆ ಒಳಗೆ ತೇವ ಇದ್ದೇ ಇರುತ್ತದೆ. ಗಾಳಿ ತಾಗದ, ತೇವ ಬಿಡದ ಮುಚ್ಚಳ ಅದು. ಮೇಲೆ ಹೇಳಿದ ಮೊದಲನೆಯ ಶತ್ರು ಇದೇ.

ಎರಡನೆಯ ಶತ್ರು ಗೊಬ್ಬರದ ಚೀಲದಲ್ಲಿದೆ. ಬಿತ್ತನೆಯ ಹೊತ್ತಿಗೆ ನಮ್ಮ ಕಡೆ ಗೊಬ್ಬರ ಹೊಲಕ್ಕೆ ಹೋಗುವುದು ಬಹುಪಾಲು ಮೋಟಾರ್‌ಸೈಕಲ್ ಮೇಲೆ. ಟ್ಯಾಂಕಿನ ಮೇಲೊಂದು ಚೀಲ, ಹಿಂದೆ ಒಂದು. ಹೊಲಿಗೆಯ ಸಂದಿಯಿಂದ ಸೋರಿದ ಕಾಳು ಚಕ್ರದ ಮೇಲೆ ಬಿದ್ದು ತೇವಕ್ಕೆ ಕರಗುತ್ತದೆ. ಪೊಟ್ಯಾಷ್ ಎಂದು ಕೊಳ್ಳುವ ಕೆಂಪು ಗೊಬ್ಬರ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಲೋಹದ ಮೇಲೆ ಕೆಲಸ ಮಾಡುವ ಕ್ಲೋರೈಡ್ ಎರಡರಲ್ಲೂ ಒಂದೇ. ಕಡಲು ನೂರಾರು ಕಿಲೋಮೀಟರ್ ದೂರವಿದ್ದರೂ ಅದರ ಉಪ್ಪಿನ ಕೆಲಸ ಕಮಲನಗರದಲ್ಲಿ ನಡೆಯುವುದು ಹೀಗೆ. ದನದ ಕೊಟ್ಟಿಗೆಯಲ್ಲೇ ಗಾಡಿ ನಿಲ್ಲಿಸುವ ಮನೆಗಳೂ ಬಹಳ. ದನದ ಗಂಜಲದಲ್ಲೂ ಕ್ಲೋರೈಡ್ ಉಂಟು, ಜೊತೆಗೆ ಕೊಟ್ಟಿಗೆಯ ನೆಲ ಸದಾ ಹಸಿ. ಎತ್ತಿನ ಪಕ್ಕದಲ್ಲಿ ಮಲಗಿದ ಗಾಡಿಯ ಕೆಳಭಾಗ ಬೇಗ ತುಕ್ಕು ಹಿಡಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಮಣ್ಣು ಮತ್ತು ಉಪ್ಪು ಸೇರಿ ಲೋಹಕ್ಕೆ ಏನು ಮಾಡಬಲ್ಲವು ಎಂಬುದನ್ನು ಬೀದರ್ ಜಿಲ್ಲೆಯವರಿಗೆ ಹೊರಗಿನವರು ಬಂದು ಹೇಳಬೇಕಿಲ್ಲ. ನಮ್ಮ ಬಿದ್ರಿ ಕಲೆ ನಿಂತಿರುವುದೇ ಅದರ ಮೇಲೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿದ ಮೇಲೆ ಕೊನೆಯ ಹಂತದಲ್ಲಿ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಸೇರಿಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಆದರೆ ಬಿದ್ರಿ ಕೆಲಸಗಾರರು ಮಣ್ಣನ್ನು ಆರಿಸಿ, ಹದ ನೋಡಿ, ಹೊತ್ತು ನೋಡಿ ತೆಗೆಯುತ್ತಾರೆ. ತೆಗೆದ ಕೂಡಲೇ ತೊಳೆದು, ಒರೆಸಿ, ಎಣ್ಣೆ ಸವರುತ್ತಾರೆ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಲೆಯ ಕೊನೆಯ ಮೂರು ಕೆಲಸಗಳನ್ನು ಮಾತ್ರ ಗಾಡಿಯವರು ಕಲಿತರೂ ಸಾಕು: ತೊಳೆ, ಒರೆಸು, ಮೇಲೊಂದು ತೆಳು ಪದರ ಸವರು.

ಇಲ್ಲಿಯವರೆಗೆ ಹೇಳಿದ್ದು ಹೊರಗಿನ ಕಥೆ. ಹೆಚ್ಚು ರಿಮ್ಮುಗಳು ಸಾಯುವುದು ಒಳಗಿನಿಂದ.

ಉದಗೀರ ರಸ್ತೆಯ ಒಂದು ಪಂಕ್ಚರ್ ಅಂಗಡಿಯಲ್ಲಿ ಬುಲೆಟ್ಟಿನ ಹಿಂದಿನ ಚಕ್ರ ಬಿಚ್ಚುತ್ತಿದ್ದುದನ್ನು ನಿಂತು ನೋಡಿದೆ. ಹೊರಗೆ ಹೊಳಪು ಚೆನ್ನಾಗಿಯೇ ಇತ್ತು. ಟಯರು ಒಂದು ಕಡೆಯಿಂದ ಬಿಟ್ಟುಕೊಂಡಾಗ ಚಹಾಪುಡಿಯಂಥ ಕಂದು ಪುಡಿ ನೆಲಕ್ಕೆ ಸುರಿಯಿತು. ಕಡ್ಡಿಯ ತಲೆಗಳನ್ನು ಮುಚ್ಚುವ ರಬ್ಬರ್ ಪಟ್ಟಿ ಹರಿದು ಒಂದು ಮೂಲೆಗೆ ಸರಿದಿತ್ತು. ಟ್ಯೂಬಿನ ಮೇಲೆ ತುಕ್ಕಿನ ಚೂಪು ತಾಗಿದ ಗುರುತುಗಳು ಸಾಲಾಗಿದ್ದವು. ಅಂಗಡಿಯ ಹುಡುಗ ರಿಮ್ಮನ್ನು ಬೆಳಕಿಗೆ ಹಿಡಿದು, “ಹೊರಗಿಂದ ಛಲೋ ಕಾಣ್ತದ್ರಿ ಸರ್, ಒಳಗ ನೋಡ್ರಿ, ಜಂಗ ಹತ್ತಿ ಪುಡಿ ಆಗ್ಯಾದ. ಪಂಕ್ಚರ್ ಮೊಳಿಗಿ ಆಗಿಲ್ಲ, ಇದಕ್ಕ ಆಗ್ಯಾದ” ಅಂದ. ಅವನ ರೋಗಪತ್ತೆ ಸರಿ.

ಒಳಗೇ ಯಾಕೆ ಮೊದಲು? ಕ್ರೋಮಿಯಂ ತೊಟ್ಟಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಉಬ್ಬಿದ, ಎದುರಿಗೆ ತೆರೆದ ಮೈಮೇಲೆ ಲೋಹ ಚೆನ್ನಾಗಿ ಕೂರುತ್ತದೆ. ತಗ್ಗು, ಸಂದಿ, ತೂತಿನೊಳಗೆ ಕರೆಂಟು ಸರಿಯಾಗಿ ತಲುಪದೆ ಲೋಹವೂ ತಲುಪುವುದಿಲ್ಲ. ರಿಮ್ಮಿನ ಒಳಮೈ ದೊಡ್ಡ ತಗ್ಗು. ಕಡ್ಡಿ ತೂರುವ ಒಂದೊಂದು ತೂತಿನ ಅಂಚೂ ಒಂದು ಸಂದಿ. ಅಲ್ಲಿ ನಿಕ್ಕಲ್ ತೆಳು, ಕ್ರೋಮಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಡ್ಡಿ ಚಕ್ರದಲ್ಲಿ ನೀರು ಒಳಗೆ ಇಳಿಯುವುದೂ ಅದೇ ತೂತುಗಳಿಂದ, ವಾಲ್ವಿನ ಬುಡದಿಂದ. ಇಳಿದ ನೀರಿಗೆ ಹೊರಬರುವ ದಾರಿ ಇಲ್ಲ, ಟಯರು ಮುಚ್ಚಿಕೊಂಡಿರುತ್ತದೆ. ಜೊತೆಗೆ ಟಯರ್ ಬಿಚ್ಚಲು ತೂರಿಸುವ ಕಬ್ಬಿಣದ ಲಿವರು ಪ್ರತಿ ಸಲವೂ ಅಂಚಿನ ಪದರವನ್ನು ಕೊಂಚ ಎಬ್ಬಿಸುತ್ತದೆ. ಅಂಚಿನ ಸಿಪ್ಪೆಗೆ ಮುಖ್ಯ ಕಾರಣ ಅದು. ಲಿವರಿನ ಕೆಳಗೆ ಹಳೆಯ ಟ್ಯೂಬಿನ ತುಂಡೊಂದನ್ನು ಇಟ್ಟು ಬಿಚ್ಚಿ ಎಂದು ಕೇಳಿಕೊಳ್ಳಿ. ತಿಳಿದ ಮೇಸ್ತ್ರಿಗಳು ಹೇಳದೆಯೇ ಇಡುತ್ತಾರೆ.

ತುಕ್ಕು ಬರೀ ಚಂದದ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ತುಕ್ಕು ಹಿಡಿದರೆ ಕಡ್ಡಿಗೆ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಚಕ್ರದ ಔಟ್, ಅಂದರೆ ಓಲಾಟ, ತೆಗೆಯಲು ಕಡ್ಡಿ ಬಿಗಿ ಮಾಡಲು ಹೋದರೆ ಅದು ತಿರುಗುವುದಿಲ್ಲ, ಮುರಿಯುತ್ತದೆ. ಒಂದು ಕಡ್ಡಿ ಮುರಿದ ಭಾರ ಪಕ್ಕದ ಕಡ್ಡಿಗಳ ಮೇಲೆ ಬೀಳುತ್ತದೆ. ಹೆಂಡತಿ, ಮಗು, ಎರಡು ಚೀಲ ಹೇರಿಕೊಂಡು ಗುಂಡಿ ಬಿದ್ದ ರಸ್ತೆಯಲ್ಲಿ ಹೋಗುವ ಗಾಡಿಗೆ ಇದು ಸಣ್ಣ ಸಂಗತಿಯಲ್ಲ. ಟ್ಯೂಬ್‌ಲೆಸ್ ಚಕ್ರದಲ್ಲಾದರೆ ಟಯರು ಕೂರುವ ಅಂಚಿನಲ್ಲಿ ಪದರ ಎದ್ದು ಗಾಳಿ ಸಣ್ಣಗೆ ಸೋರುತ್ತಲೇ ಇರುತ್ತದೆ. ಎಷ್ಟು ಹುಡುಕಿದರೂ ಪಂಕ್ಚರ್ ಸಿಗುವುದಿಲ್ಲ.

ಇನ್ನು ನಾವೇ ಮಾಡುವ ಕೇಡು. ರಸ್ತೆಬದಿಯ ವಾಶಿಂಗ್ ಸೆಂಟರುಗಳಲ್ಲಿ ಚಕ್ರಕ್ಕೆ ಬಾಟಲಿಯಿಂದ ಒಂದು ದ್ರವ ಚಿಮುಕಿಸುವುದನ್ನು ನೋಡಿರುತ್ತೀರಿ. ನೊರೆ ಬಂದು, ಕಂದು ನೀರು ಇಳಿದು, ಚಕ್ರ ಬೆಳ್ಳಗಾಗುತ್ತದೆ. ಎಲ್ಲ ಕಡೆಯೂ ಹೀಗಲ್ಲ, ಆದರೆ ಕೆಲವು ಕಡೆ ಅದು ಶೌಚಾಲಯ ತೊಳೆಯುವ ಆಸಿಡ್ಡು, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಮನೆಯಲ್ಲೂ ಕೆಲವರು ಅದನ್ನೇ ಹಾಕುತ್ತಾರೆ. ದಯವಿಟ್ಟು ಒಂದು ಮಾತು ನೆನಪಿಡಿ: ಲೇಪನದ ಕಾರ್ಖಾನೆಗಳಲ್ಲಿ ಹಳೆಯ ಕ್ರೋಮನ್ನು ಕಿತ್ತು ಹಾಕಲು ಬಳಸುವುದು ಇದೇ ಆಮ್ಲ. ಗಾಳಿ, ನೀರು, ಬಿಸಿಲು ಯಾವುದಕ್ಕೂ ಜಗ್ಗದ ಕ್ರೋಮಿಯಂ ಇದರಲ್ಲಿ ಸಲೀಸಾಗಿ ಕರಗುತ್ತದೆ. ಒಂದು ಸಲ ಹಾಕಿದರೆ ಹೊಳಪು ಬಂದಂತೆ ಕಾಣುವುದು ಮೇಲಿನ ತುಕ್ಕು ಹೋದದ್ದರಿಂದ; ಅದರ ಜೊತೆ ಪದರವೂ ಹೋಗಿರುತ್ತದೆ. ಉಳಿದ ಆಮ್ಲ ಕಡ್ಡಿಯ ಬುಡದಲ್ಲಿ ನಿಂತು ಕೆಲಸ ಮುಂದುವರಿಸುತ್ತದೆ. ಹದಿನೈದು ದಿನದಲ್ಲಿ ಮೊದಲಿಗಿಂತ ಹೆಚ್ಚು ತುಕ್ಕು ಕಾಣುತ್ತದೆ, ಮಾಲೀಕ ಮತ್ತೆ ಅಲ್ಲಿಗೇ ಹೋಗುತ್ತಾನೆ.

ಖಂಡೇನವಮಿಯ ಪೂಜೆಯ ಬಗ್ಗೆಯೂ ಒಂದು ಮಾತು. ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು, ರಿಮ್ಮಿಗೆ ಅರಿಶಿನ, ಕುಂಕುಮ, ಸುಣ್ಣದ ಪಟ್ಟೆ ಎಳೆಯುವುದು ನಮ್ಮ ಸಂಪ್ರದಾಯ, ಅದನ್ನು ಬಿಡಬೇಕಿಲ್ಲ. ಮಾಡುವುದನ್ನು ಮಾಡಿ, ಮಾರನೆಯ ದಿನ ಬನ್ನಿ ಕೊಡಲು ಹೊರಡುವ ಮುನ್ನ ಒಂದು ಬಿಂದಿಗೆ ನೀರಿನಲ್ಲಿ ರಿಮ್ಮನ್ನು ತೊಳೆದು ಒರೆಸಿಬಿಡಿ. ನಿಂಬೆಯ ಹುಳಿ, ಸುಣ್ಣದ ಗಾರ ಎರಡೂ ದೀಪಾವಳಿಯ ತನಕ ಲೋಹದ ಮೇಲೆ ಕೂರಬಾರದು.

ಮತ್ತೊಂದು ರೂಢಿ, ತೊಳೆದ ಮೇಲೆ ಹೊಳಪಿಗೆಂದು ಹಳೆಯ ಎಂಜಿನ್ ಆಯಿಲ್, ಡೀಸೆಲ್ ಅಥವಾ ಸೀಮೆಎಣ್ಣೆ ಸವರುವುದು. ಎರಡು ದಿನ ಚೆಂದ ಕಾಣುತ್ತದೆ, ಮೂರನೆಯ ದಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಟಯರಿನ ರಬ್ಬರಿಗೂ ಇವು ಒಳ್ಳೆಯದಲ್ಲ. ಎಲ್ಲಕ್ಕಿಂತ ಅಪಾಯ, ಡಿಸ್ಕಿನ ಮೇಲೋ ಡ್ರಮ್ಮಿನೊಳಗೋ ಒಂದೆರಡು ಹನಿ ಬಿದ್ದರೆ ಬ್ರೇಕು ಹಿಡಿಯುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದ ಮೇಲೆ ಮುಂದಿನ ಚಕ್ರದಲ್ಲಿ ಡಿಸ್ಕ್ ಬ್ರೇಕು ಎಲ್ಲೆಡೆ ಬಂದಿದೆ. ಪಾಲಿಶಾಗಲಿ ಮೇಣವಾಗಲಿ, ಏನನ್ನು ಹಚ್ಚಿದರೂ ಡಿಸ್ಕಿಗೆ ತಾಗದಂತೆ ಬಟ್ಟೆಯಲ್ಲಿ ಹಚ್ಚಬೇಕು, ಚಿಮುಕಿಸಬಾರದು.

ಹಾಗಾದರೆ ಮಾಡಬೇಕಾದದ್ದೇನು? ಹೆಚ್ಚೇನಿಲ್ಲ. ಹೊಲದಿಂದ ಬಂದ ಸಂಜೆಯೇ, ರಾಡಿ ಹಸಿ ಇರುವಾಗಲೇ, ನೀರು ಹೊಯ್ದು ತೊಳೆಯಿರಿ. ಒಣಗಿದ ಮೇಲೆ ಉಜ್ಜಿದರೆ ಎರೆಯೊಳಗಿನ ಮರಳಿನ ಕಣಗಳೇ ಗೀಚು ಹಾಕುತ್ತವೆ. ದೂರದ ಪ್ರಯಾಣ ಮುಗಿಸಿ ಬಂದ ಬಿಸಿ ಚಕ್ರಕ್ಕೆ ಮಾತ್ರ ನೀರು ಹೊಯ್ಯಬೇಡಿ, ಅರ್ಧ ಗಂಟೆ ತಣಿಯಲಿ. ಗಾಡಿ ತೊಳೆಯುವ ಶಾಂಪೂ ನಾಲ್ಕು ಹನಿ ಬಕೆಟ್ಟಿಗೆ ಸಾಕು; ಬಟ್ಟೆಯ ಸೋಡಾ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಬೇಡ. ಆ ಸ್ಕ್ರಬ್ಬರಿನ ಉಜ್ಜುವ ಪುಡಿ ಕ್ರೋಮಿಯಂಗಿಂತ ಗಟ್ಟಿ. ಹಳೆಯ ಹಲ್ಲುಜ್ಜುವ ಬ್ರಶ್ಶು ಕಡ್ಡಿಯ ಬುಡಕ್ಕೆ, ವಾಲ್ವಿನ ಸುತ್ತಲಿನ ಜಾಗಕ್ಕೆ ಹೇಳಿ ಮಾಡಿಸಿದ್ದು. ಹಬ್ಬಿನ ಮೇಲೆ, ಕಡ್ಡಿಯ ತೂತಿಗೆ ನೇರವಾಗಿ ಪ್ರೆಷರ್ ಗನ್ ಹಿಡಿಸಬೇಡಿ. ಅದು ರಾಡಿಯನ್ನು ತೆಗೆಯುವ ಬದಲು ನೀರನ್ನು ಒಳಗೆ ನುಗ್ಗಿಸುತ್ತದೆ.

ಮುಖ್ಯವಾದದ್ದು ಒರೆಸುವುದು, ನಮ್ಮಲ್ಲಿ ಹೆಚ್ಚಿನವರು ಬಿಡುವ ಕೆಲಸವೂ ಅದೇ. ಬೋರ್‌ವೆಲ್ಲಿನ ಗಡಸು ನೀರು ರಿಮ್ಮಿನ ಮೇಲೆ ತಾನೇ ಆರಿದರೆ ಬಿಳಿ ಕಲೆ ಉಳಿಯುತ್ತದೆ. ಅದರ ಮೇಲೆ ಮತ್ತೊಂದು ಸುತ್ತು, ಮತ್ತೊಂದು ಸುತ್ತು. ಹಳೆಯ ಹತ್ತಿಯ ಬಟ್ಟೆಯಿಂದ ಕೂಡಲೇ ಒರೆಸಿದರೆ ಕಲೆಯೂ ಇಲ್ಲ, ಸಂದಿಯ ತೇವವೂ ಇಲ್ಲ. ಒರೆಸಿದ ಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದರೆ ಉಳಿದ ನೀರು ಚಕ್ರ ತಿರುಗುವ ರಭಸಕ್ಕೆ ಸಿಡಿದು ಹೋಗುತ್ತದೆ. ಮಳೆಗಾಲಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ ಕಾರಿಗೆ ಹಚ್ಚುವ ಮೇಣವನ್ನು ರಿಮ್ಮಿಗೆ ತೆಳುವಾಗಿ ಹಚ್ಚಿ. ಸಣ್ಣ ಬಿರುಕುಗಳೊಳಗೆ ಅದು ಇಳಿದು ಕೂರುತ್ತದೆ, ನೀರು ನಿಲ್ಲಗೊಡುವುದಿಲ್ಲ.

ಈಗಾಗಲೇ ಕಂದು ಚುಕ್ಕೆ ಬಿದ್ದಿದ್ದರೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಒಂದು ತುಂಡನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಬಹಳ ಮೆದು, ಹಾಗಾಗಿ ಗೀಚು ಬೀಳುವುದಿಲ್ಲ; ತುಕ್ಕು ಬಿಟ್ಟುಕೊಳ್ಳುತ್ತದೆ. ಬರುವ ಕಪ್ಪು ಕೆಸರನ್ನು ತೊಳೆದು, ಒರೆಸಿ, ಮೇಣ ಹಚ್ಚಿ. ಹತ್ತು ರೂಪಾಯಿಯ ಈ ಉಪಾಯ ಅಂಗಡಿಯ ಎಷ್ಟೋ ಪಾಲಿಶುಗಳಿಗಿಂತ ಮೇಲು. ಆದರೆ ತುಕ್ಕು ತಿಂದ ಕುಳಿಯನ್ನು ಇದು ತುಂಬುವುದಿಲ್ಲ, ಹೋದ ಪದರವನ್ನು ಮರಳಿ ತರುವುದಿಲ್ಲ.

ಮೊದಲು ನಿಮ್ಮ ಚಕ್ರ ಯಾವ ಜಾತಿಯದು ಎಂದು ತಿಳಿದುಕೊಳ್ಳಿ, ಯಾಕೆಂದರೆ ಹೊಳೆಯುವುದೆಲ್ಲ ಕ್ರೋಮ್ ಅಲ್ಲ. ಆಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಉಕ್ಕಿನ ರಿಮ್ಮು. ಈಗಿನ ಬಹುತೇಕ ಬೈಕು, ಕಾರುಗಳ ಅಲಾಯ್ ಚಕ್ರ ಅಲ್ಯೂಮಿನಿಯಂ. ಅದರ ಹೊಳಪು ಹೆಚ್ಚಾಗಿ ಬಣ್ಣ ಅಥವಾ ಕೊರೆದ ಮೈಮೇಲಿನ ಪಾರದರ್ಶಕ ವಾರ್ನಿಶ್ಶು. ಅದಕ್ಕೆ ಕ್ರೋಮ್ ಪಾಲಿಶ್ ಹಾಕಿ ತಿಕ್ಕಿದರೆ ವಾರ್ನಿಶ್ಶೇ ಹೋಗುತ್ತದೆ. ಲಾರಿಗಳ ಹೊಳೆಯುವ ಚಕ್ರದ ಕ್ಯಾಪುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನವೂ ಇವೆ. ಸ್ಟೇನ್‌ಲೆಸ್ಸಿನಲ್ಲಿ ಕ್ರೋಮಿಯಂ ಮೇಲೆ ಹಚ್ಚಿದ್ದಲ್ಲ, ಶೇ 10.5ಕ್ಕೂ ಹೆಚ್ಚು ಪ್ರಮಾಣದಲ್ಲಿ ಉಕ್ಕಿನೊಳಗೇ ಬೆರೆತಿರುತ್ತದೆ, ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ಔರಾದಿನ ಮೇಲೆ ನಾಂದೇಡಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಲಾರಿಗಳಲ್ಲಿ ಹತ್ತು ವರ್ಷದ ಕ್ಯಾಪು ಇಂದಿಗೂ ಬೆಳಗುವುದು ಇದರಿಂದ.

ಹಳೆಯ ರಿಮ್ಮಿಗೆ ಮತ್ತೆ ಕ್ರೋಮ್ ಮಾಡಿಸುವವರೂ ಇದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ದಿಗಳನ್ನೂ, 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತ ಬಂದ ಹಳೆಯ ಬುಲೆಟ್ಟುಗಳನ್ನೂ ಪ್ರೀತಿಯಿಂದ ಉಳಿಸಿಕೊಂಡವರಿಗೆ ಇದು ಅನಿವಾರ್ಯ. ನಮ್ಮ ಜಿಲ್ಲೆಯವರಿಗೆ ಹತ್ತಿರದ ದೊಡ್ಡ ಊರು ಹೈದರಾಬಾದು. ಅಲ್ಲಿಗೆ ಹೋದಾಗ ಕ್ರೋಮ್ ಎಷ್ಟು ಹಾಕುತ್ತೀರಿ ಎಂದು ಕೇಳಬೇಡಿ, ನಿಕ್ಕಲ್ ತೊಟ್ಟಿಯಲ್ಲಿ ಎಷ್ಟು ಹೊತ್ತು ಇಡುತ್ತೀರಿ ಎಂದು ಕೇಳಿ. 20 ಮೈಕ್ರಾನ್ ನಿಕ್ಕಲ್ ಕೂರಲು ಸಾಮಾನ್ಯವಾಗಿ 20ರಿಂದ 30 ನಿಮಿಷ ಬೇಕು. ಐದು ನಿಮಿಷ ಅದ್ದಿ ತೆಗೆದ ರಿಮ್ಮೂ ಅಂಗಡಿಯಲ್ಲಿ ಅಷ್ಟೇ ಹೊಳೆಯುತ್ತದೆ, ಒಂದೇ ಮಳೆಗಾಲಕ್ಕೆ ಬಣ್ಣ ಬಯಲಾಗುತ್ತದೆ. ಈ ಲೇಪನಕ್ಕೆಂದೇ ಭಾರತೀಯ ಮಾನಕ ಐಎಸ್ 1068 ಇದೆ; ಅದರ ಹೆಸರು ಹೇಳಿದರೆ ಕೆಲಸಗಾರ ನಿಮ್ಮನ್ನು ತಿಳಿದವರೆಂದು ಗಣಿಸುತ್ತಾನೆ. ಕಡ್ಡಿಗಳನ್ನು ಮಾತ್ರ ಕ್ರೋಮಿಗೆ ಕೊಡಬೇಡಿ. ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಹೊಸ ಕಡ್ಡಿ ಸೆಟ್ಟನ್ನೇ ಹಾಕಿಸಿ.

ಆ ತೊಟ್ಟಿಗಳ ಮುಂದೆ ನಿಂತು ದುಡಿಯುವವರ ವಿಚಾರ ಹೇಳದೆ ಈ ಬರಹ ಮುಗಿಸಲಾರೆ. ರಿಮ್ಮಿನ ಮೇಲೆ ಕೂತ ಕ್ರೋಮಿಯಂ ಮುಟ್ಟಿದರೆ ಏನೂ ಅಪಾಯವಿಲ್ಲ. ಆದರೆ ಹಳೆಯ ಪದ್ಧತಿಯ ತೊಟ್ಟಿಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಹಬೆಯಾಗಿ ಏಳುತ್ತದೆ, ಮೂಗಿನ ನಡುವಣ ಪರದೆಯಲ್ಲಿ ಹುಣ್ಣಾಗಿ ತೂತು ಬೀಳುತ್ತದೆ, ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿಕೊಂಡಿರುವುದು ವರದಿಯಾಗಿದೆ. ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ಈ ರಾಸಾಯನಿಕ ಬಳಸಲು ವಿಶೇಷ ಅನುಮತಿ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಅಲಂಕಾರದ ಲೇಪನಕ್ಕೆ ಇದರ ಬಳಕೆಯನ್ನು 2027ರ ಜನವರಿ 1ರಿಂದ ನಿಷೇಧಿಸುವ ನಿಯಮವನ್ನು 2023ರಲ್ಲೇ ಮಾಡಿದೆ. ಬದಲಿಗೆ ಟ್ರೈವೇಲೆಂಟ್ ಪದ್ಧತಿ ಬಂದಿದೆ, ಅಪಾಯ ಬಹಳ ಕಡಿಮೆ. ಇರುವ ಕ್ರೋಮನ್ನು ಇನ್ನೈದು ವರ್ಷ ಹೆಚ್ಚು ಬಾಳಿಸಿದರೆ ಯಾರೋ ಒಬ್ಬ ಕಾರ್ಮಿಕ ಆ ಹಬೆಯ ಮುಂದೆ ಮತ್ತೆ ನಿಲ್ಲುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಮನೆಯಲ್ಲಿ ಆಸಿಡ್ಡಿನಿಂದ ರಿಮ್ಮು ತೊಳೆದ ನೀರೂ ನಿಕ್ಕಲ್, ಕ್ರೋಮಿಯಂ ಹೊತ್ತುಕೊಂಡೇ ಚರಂಡಿಗೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು.

ಹೊಸ ಗಾಡಿ ಕೊಳ್ಳಲು ಹೊರಟವರು ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟು. ವರ್ಷವಿಡೀ ಎರೆ ಹೊಲದ ದಾರಿ ತುಳಿಯುವ, ಗೊಬ್ಬರ ಹೊರುವ ಗಾಡಿಗೆ ಕ್ರೋಮ್ ರಿಮ್ಮು ಸಲ್ಲದು, ಬಣ್ಣ ಬಳಿದ ಅಲಾಯ್ ತೆಗೆದುಕೊಳ್ಳಿ. ಡಾಂಬರು ರಸ್ತೆಯಲ್ಲೇ ಓಡುವ, ತೊಳೆದು ಒರೆಸಲು ವಾರಕ್ಕೆ ಅರ್ಧ ಗಂಟೆ ಕೊಡಬಲ್ಲವರ ಗಾಡಿಗೆ ಕ್ರೋಮ್ ಚೆನ್ನಾಗಿ ಬಾಳುತ್ತದೆ, ನಮ್ಮ ಒಣಹವೆಯಲ್ಲಿ ಕರಾವಳಿಗಿಂತ ಹೆಚ್ಚೇ ಬಾಳುತ್ತದೆ. ವಾರಂಟಿ ಪುಸ್ತಕದಲ್ಲಿ ತುಕ್ಕಿನ ಬಗ್ಗೆ ಏನು ಬರೆದಿದೆ ಎಂದು ಸಹಿ ಹಾಕುವ ಮುನ್ನವೇ ಓದಿಕೊಳ್ಳಿ.

ಕ್ರೋಮ್ ರಿಮ್ಮಿನ ಕಡ್ಡಿ ಚಕ್ರ ಇರುವವರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಸಲ ಟಯರೋ ಟ್ಯೂಬೋ ಬದಲಿಸುವಾಗ ಗಾಡಿ ಬಿಟ್ಟು ಚಹಾ ಕುಡಿಯಲು ಹೋಗಬೇಡಿ, ಅಲ್ಲೇ ನಿಂತು ರಿಮ್ಮಿನ ಒಳಮೈ ನೋಡಿ. ತುಕ್ಕಿದ್ದರೆ ವೈರ್ ಬ್ರಶ್ಶಿನಿಂದ ಕೆರೆದು, ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ ಹಚ್ಚಿಸಿ, ಆರಿದ ಮೇಲೆ ಹೊಸ ರಬ್ಬರ್ ಪಟ್ಟಿ ಹಾಕಿಸಿ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಯಲಿ.